ಟವೆಲು ಕೊಟ್ಟವಳು

ಅಕ್ಕಾ, ನನ್ನ ಅಕ್ಷರ ಮೊದಲೇ ಕಾಗೆ ಕಾಲು, ಮೇಲೆ ಹಡಗು ಬೇರೆ ಓಲಾಡುತ್ತದೆ. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೋ.

ಹಡಗು ಹತ್ತುವ ಪ್ರವಾಸಿಗರಿಗೆಲ್ಲ ನಾವು ತಣ್ಣನೆಯ ಒದ್ದೆ ಟವೆಲು ಕೊಟ್ಟು ಸ್ವಾಗತಿಸುತ್ತಿದ್ದೆವು. ಈ ತಿಂಗಳಿಂದ ಅದು ದುಬಾರಿ ಕೋಣೆಯವರಿಗೆ ಮಾತ್ರ. ನಿನ್ನೆ ಬೆವೆತು ಬಂದ ಅಜ್ಜಿಯೊಬ್ಬರು ಎರಡೂ ಕೈ ಚಾಚಿ, "ಹೋದ ವರ್ಷ ಕೊಟ್ಟಿದ್ರಲ್ಲಮ್ಮಾ, ಈ ಸಲ ನಾವು ಬೇಡವಾದ್ವಾ?" ಎಂದರು. ಮನಸ್ಸು ತಡೆಯದೆ ಒಂದು ಕೊಟ್ಟುಬಿಟ್ಟೆ.

ಸಂಜೆ ದೂರು ಬಂತು. ಮೇಲ್ವಿಚಾರಕರು ಕೊಟ್ಟವಳು ಅವಳೇ ಎಂದುಕೊಂಡು ನನ್ನ ಜೊತೆಗಾತಿಗೆ, "ದಾನಶೂರ ಕರ್ಣನ ತಂಗಿ ನೀನೇ ತಾನೆ? ಮುಂದಿನ ಬಂದರಲ್ಲಿ ಇಳ್ಕೋ" ಎಂದರು. ಅವಳು ಅತ್ತಳು. ಪಕ್ಕದಲ್ಲೇ ನಿಂತಿದ್ದ ನಾನು ತಲೆ ತಗ್ಗಿಸಿ ಟವೆಲು ಮಡಿಸುತ್ತಲೇ ಇದ್ದೆ.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು. ಕೆಲಸದ ಗಂಟೆ ಹೊಡೆಯಿತು, ನಿಲ್ಲಿಸುತ್ತೇನೆ. ಇವತ್ತು ಬೆಳಿಗ್ಗೆ ಮೇಲ್ವಿಚಾರಕರ ಬಾಗಿಲು ತಟ್ಟಿ, "ಕೊಟ್ಟಿದ್ದು ನಾನು ಸಾರ್" ಎಂದು ಹೇಳಿ ಬಂದೆ.

ನಿನ್ನ ತಂಗಿ