ಹಡಗಿನಿಂದ ದಡಕ್ಕೆ

ಸೊಸೆ ಮೆಲೆಗೆ,

ನಾನು ನಿನ್ನ ಅತ್ತೆ. ಈ ಮನೆಯ ದೋಣಿ, ತೆಂಗು, ಮೀನಿನ ಪಾಲು ಎಲ್ಲದರಲ್ಲೂ ನನ್ನ ಮಾತೇ ಕೊನೆ. ನೀನು ಮೊದಲ ಸಲ ಬರುತ್ತಿದ್ದೀಯೆ, ಹೇಳಿದಂತೆ ಮಾಡು.

ಅಪಿಯಾ ಬಂದರಿನಲ್ಲಿ ಹಡಗು ಹತ್ತುವಾಗಲೇ ಮಗುವಿನ ಔಷಧಿ ತೆಗೆದುಕೊ, ಇಲ್ಲಿ ಸಿಗುವುದಿಲ್ಲ. ಭಾನುವಾರ ತಲುಪಿದರೆ ಹಡಗಿನಲ್ಲೇ ಇರು, ಅಂದು ಪ್ರಾರ್ಥನೆಯ ದಿನ, ಯಾರೂ ದೋಣಿ ಮುಟ್ಟುವುದಿಲ್ಲ. ಹಡಗು ಹವಳದ ಬಂಡೆಗಳ ಆಚೆಯೇ ನಿಲ್ಲುತ್ತದೆ. ದೋಣಿಗಿಳಿದ ಮೇಲೆ ಮಗುವನ್ನು ಎದೆಗೆ ಅವಚಿಕೊ, ಅಲೆ ನೋಡಬೇಡ.

ಬಂಡೆಗಳ ಸಂದಿಯಲ್ಲಿ ದೋಣಿ ನಡೆಸುವ ಹಕ್ಕು ನಮ್ಮ ಮನೆಯದು. ನನ್ನ ತಮ್ಮ ಪೆನೆ ಇರುವವರೆಗೆ ಬೇರೆಯವರು ಚುಕ್ಕಾಣಿ ಹಿಡಿಯುವಂತಿಲ್ಲ. ಅವನ ಕಣ್ಣು ಮಂಜಾಗಿದೆ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಕಳೆದ ತಿಂಗಳು ದೋಣಿ ಬಂಡೆಗೆ ಉಜ್ಜಿತು. ನೀವು ಬರುವ ಸುದ್ದಿ ತಿಳಿದ ಮೇಲೆ, ಈ ಸಲ ಚುಕ್ಕಾಣಿ ಬಿಡು ಎಂದು ಅವನಿಗೆ ಹೇಳಿದೆ.

"ಅಕ್ಕಾ, ಅಲೆನ ಕಣ್ಣಲ್ಲಿ ನೋಡೋದಲ್ಲ, ಬೆನ್ನಲ್ಲಿ ಕೇಳೋದು" ಎಂದ ಪೆನೆ.

"ಮೊನ್ನೆ ನನ್ನನ್ನೇ ಹಂದಿ ಅಂತ ಕಲ್ಲು ಎತ್ತಿದ್ಯಲ್ಲೋ! ಅದನ್ನೂ ಬೆನ್ನೇ ಹೇಳ್ತಾ?"

ಅವನು ನಗಲಿಲ್ಲ. "ಊರೆದುರು ನನ್ನ ಮಾನ ಕಳೀಬೇಡಕ್ಕಾ" ಎಂದ.

ನಿಮ್ಮನ್ನು ಲೋಮಾ ಮನೆಯವನು ದಡಕ್ಕೆ ತರುತ್ತಾನೆ. ಅಜ್ಜನ ಕಾಲದಿಂದ ನಮಗೂ ಅವರಿಗೂ ಮಾತಿಲ್ಲ. ಆದರೂ ಮೊದಲು ನೀನೇ ಅವನಿಗೆ ನಮಸ್ಕಾರ ಹೇಳು. ಇಂದು ಬೆಳಿಗ್ಗೆ ಪೆನೆಯ ಚುಕ್ಕಾಣಿ ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು, ಊರೆಲ್ಲ ನೋಡುತ್ತಿರುವಾಗ, ಲೋಮಾ ಮನೆಯ ಅಂಗಳದಲ್ಲಿ ಇಟ್ಟು ಬಂದೆ.

ನಿನ್ನ ಅತ್ತೆ,
ಅಕೆನೆಹೆ