ಬೇರಿಂಗಿನೊಳಗಿನ ತಾಮ್ರ

ಮನೆಯ ಹಿಂದಿನ ಶೆಡ್ಡು,
ಭಾನುವಾರ ಮಧ್ಯಾಹ್ನ

ನನ್ನ ಮೊಂಡ ಗಂಡನಿಗೆ,

ಬೆನ್ನು ನೋವು ಹೇಗಿದೆ? ಜೈಲಿನ ಸಿಮೆಂಟ್ ನೆಲದ ಮೇಲೆ ಮಲಗಿ ಮಲಗಿ ಇನ್ನೂ ಹದಗೆಟ್ಟಿರುತ್ತದೆ, ಗೊತ್ತು. ಕೇಳಿದರೆ "ಕಲ್ಲುಗುಂಡಿನ ಹಾಗಿದೀನಿ ಕಣೇ" ಅನ್ನುತ್ತೀಯ. ಸುಳ್ಳು ಬರೆಯಬೇಡ. ನನಗೆ ಜ್ವರವಿಲ್ಲ, ಕೆಮ್ಮಿಲ್ಲ. ಮಾತಾಡುವವರೂ ಇಲ್ಲ. ಬಾಯಿಗೆ ತುಕ್ಕು ಹಿಡಿದೀತೆಂದು ಬಾಣಲೆಯ ಜೊತೆ ಜಗಳ ಆಡುತ್ತೇನೆ. ಅದು ನಿನ್ನಂತೆ ಎದುರುತ್ತರ ಕೊಡುವುದಿಲ್ಲ, ಅದೇ ಬೇಜಾರು.

ಸಂಘದ ವ್ಯಾನಿನ ಎಂಜಿನ್ ಬಿಚ್ಚಿದ್ದೇನೆ. ಹೌದು, ನಾನೇ. ಬೈಯುವುದಿದ್ದರೆ ಪೂರ್ತಿ ಓದಿ ಬೈ. ಒಂದು ಗ್ಯಾರೇಜಿನವರೂ ಮುಟ್ಟಲಿಲ್ಲ. ಮುಷ್ಕರದ ವ್ಯಾನು ಮುಟ್ಟಿದರೆ ಕಂಪನಿಯ ಲಾರಿಗಳು ಅವರ ಬಾಗಿಲಿಗೆ ಬರುವುದಿಲ್ಲವಂತೆ. ಹೊಟ್ಟೆಪಾಡಿನ ಹೆದರಿಕೆ, ಹೋಗಲಿ. ಆದರೆ ನಮ್ಮವರು? ನಮ್ಮ ಗಂಟಲಣ್ಣ, ಘೋಷಣೆ ಕೂಗಿದರೆ ಕಿಟಕಿ ಗಾಜು ಅಲುಗುತ್ತಿತ್ತಲ್ಲ, ಅವನು ಹೊಸಿಲಾಚೆಯೇ ನಿಂತು, "ಅತ್ತಿಗೇ, ನೀವು ನಟ್ಟೂ ಮುಟ್ಬೇಡಿ, ನಾಳೆ ನಾವೆಲ್ಲಾ ಬಂದು ಕೈ ಹಾಕ್ತೀವಿ" ಎಂದು ಹೋದ. ಅವನ ನಾಳೆ ಇನ್ನೂ ಬಂದಿಲ್ಲ. ಫ್ಯಾಕ್ಟರಿಯ ಗೇಟು ತೆರೆದಿದೆ, ಎಲ್ಲರೂ ತಲೆ ತಗ್ಗಿಸಿ ಒಳಗೆ ಹೋಗಿದ್ದಾರೆ. ಉಳಿದದ್ದು ಜೈಲಿನಲ್ಲಿ ನೀನು, ವ್ಯಾನಿನ ಕೆಳಗೆ ನಾನು. ಇದು ಓಡಿದರೆ ಆ ಗೇಟಿನ ಮುಂದೆ ಒಬ್ಬಳೇ ಹೋಗಿ ನಿಲ್ಲಿಸುತ್ತೇನೆ, ನೋಡುತ್ತಿರು.

ಈ ಎಂಜಿನ್ನಿನ ಹೊಟ್ಟೆಯಲ್ಲಿ ಏನೋ ಬಡಿಯುತ್ತಿದೆ ಎಂದು ಅವತ್ತೇ ಹೇಳಿದ್ದೆ. "ಹೋರಾಟ ಅಂದ್ಮೇಲೆ ಸದ್ದಿರ್ತದೆ ಕಣೇ" ಎಂದು ನೀನು ನಕ್ಕೆ. ವ್ಯಾನಿನ ನೆತ್ತಿಯ ಮೇಲೆ ಧ್ವನಿವರ್ಧಕ, ಒಳಗೆ ತುಂಬಿ ತುಳುಕುವ ಜನ, ಮೆರವಣಿಗೆಯ ಮುಂದೆ ದಿನವಿಡೀ ಆಮೆಯ ನಡಿಗೆ. ಎಂಜಿನ್ ಕಾದು, ಎಣ್ಣೆ ನೀರಾಗಿ, ಒಳಗೆ ಲೋಹ ಲೋಹವನ್ನು ತಿನ್ನುತ್ತಿತ್ತು. ನಮ್ಮ ಜೈಕಾರದಲ್ಲಿ ಅದು ಯಾರಿಗೂ ಕೇಳಲಿಲ್ಲ. ಬಿಚ್ಚುವ ಮುಂಚೆ, ನೀನು ಹೇಳಿಕೊಟ್ಟಂತೆ ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಮೂರನೆಯದನ್ನು ಕಿತ್ತಾಗ ಬಡಿತ ತಣ್ಣಗಾಯಿತು, ರೋಗ ಅಲ್ಲೇ. ಎಣ್ಣೆ ಇಳಿಸಿದರೆ ತಟ್ಟೆಯಲ್ಲಿ ಮಿಣಿಮಿಣಿ ಪುಡಿ. ಅಯಸ್ಕಾಂತಕ್ಕೆ ಅಂಟಲಿಲ್ಲ. ಕಬ್ಬಿಣವಲ್ಲ, ಕ್ರ್ಯಾಂಕ್‌ಶಾಫ್ಟನ್ನು ತಬ್ಬಿ ಹಿಡಿದಿರುವ ಬೇರಿಂಗಿನ ಪುಡಿ. ಕ್ಯಾಪ್ ಬಿಚ್ಚಿದೆ. ಮೇಲಿನ ಬೂದು ಪದರ ಹರಿದು ಒಳಗಿನ ತಾಮ್ರ ಕೆಂಪಗೆ ಇಣುಕುತ್ತಿತ್ತು.

(ಈ ಕಾಗದ ಒಡೆದು ಓದುವ ಜೈಲಿನ ಸಾಹೇಬರೇ, ಕ್ರ್ಯಾಂಕ್‌ಶಾಫ್ಟ್ ಎಂದರೆ ಎಂಜಿನ್ನಿನೊಳಗೆ ತಿರುಗುವ ದಂಡ. ಬಾಂಬಲ್ಲ. ಕೆಂಪು ಶಾಯಿ ಉಳಿಸಿಕೊಳ್ಳಿ.)

ಆಮೇಲೆ ನನ್ನ ಎದೆ ಬಡಿದುಕೊಂಡಿದ್ದು ಶಾಫ್ಟಿಗಾಗಿ. ಅದೇ ಸವೆದು ಮೊಟ್ಟೆಯಾಕಾರವಾಗಿದ್ದರೆ ವ್ಯಾನು ಗುಜರಿಗೆ. ಒಬ್ಬರು ಮೇಲೆ ಪುಲ್ಲಿ ಹಿಡಿದು ಶಾಫ್ಟ್ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಮಲಗಿ ನೋಡಬೇಕು. ಎರಡೂ ನಾನೇ. ಎದ್ದು ಇಷ್ಟು ತಿರುಗಿಸುವುದು, ಬಂದು ಅಂಗಾತ ಮಲಗಿ ನೋಡುವುದು, ಮತ್ತೆ ಏಳುವುದು. ಒಮ್ಮೆ ಅಭ್ಯಾಸಬಲದಿಂದ ಮೇಲಿನಿಂದ "ಸಾಕಾ?" ಎಂದು ಕೇಳಿಬಿಟ್ಟೆ. ಕೇಳಿ, ಉತ್ತರಕ್ಕೆ ಕಾಯುತ್ತಾ ನಿಂತೂ ಬಿಟ್ಟೆ. ಕೊನೆಗೆ ಕೈಗೆ ಸಿಕ್ಕಿದ್ದರಲ್ಲಿ ಎಣ್ಣೆ ಒರೆಸಿ ಶಾಫ್ಟಿನ ಮೇಲೆ ಉಗುರು ಆಡಿಸಿದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನಿನ್ನ ಮೈಕ್ರೋಮೀಟರಿನಿಂದ ಅಡ್ಡಕ್ಕೂ ಉದ್ದಕ್ಕೂ ಅಳೆದೆ. ದುಂಡಗಿದೆ ಕಣೋ. ಬೇರಿಂಗ್ ಬದಲಿಸಿದರೆ ಸಾಕು.

ಬೇರಿಂಗನ್ನು ಮೆತ್ತನೆಯ ಲೋಹದಲ್ಲಿ ಮಾಡುವುದೇ ಅದು ಸವೆದು ಶಾಫ್ಟ್ ಉಳಿಯಲಿ ಎಂದು. ಇದೂ ನಿನ್ನದೇ ಪಾಠ. ಯಾರನ್ನು ಸವೆಸುತ್ತಿದ್ದೇವೆ ಎಂದು ವೇದಿಕೆ ಹತ್ತಿದ ಒಬ್ಬನಾದರೂ ಕೇಳಿದನೇ? ಮನೆಯಲ್ಲಿ ಉಳಿದವರಿಗೆ ಯಾರೂ ಜೈ ಅನ್ನಲಿಲ್ಲ. ನನ್ನಲ್ಲೂ ತಾಮ್ರ ಕಾಣುತ್ತಿದೆ. ದೂರುತ್ತಿಲ್ಲ, ಪರೀಕ್ಷಿಸಿ ಹೇಳುತ್ತಿದ್ದೇನೆ. ನೀನು ಬಂದಮೇಲೆ ಧ್ವನಿವರ್ಧಕ ಕಟ್ಟುವ ಮುಂಚೆ ಒಂದು ಸಲ ಬರೀ ಎಂಜಿನ್ ಹಚ್ಚಿ, ಇಬ್ಬರೂ ಬಾಯಿ ಮುಚ್ಚಿಕೊಂಡು ಕೇಳೋಣ.

ನಿನ್ನ ಕೋಣೆಯಲ್ಲಿರುವ ಮುದುಕಪ್ಪನಿಗೆ ನಮಸ್ಕಾರ ಹೇಳು. ಬೆನ್ನಿಗೆ ಎರಡು ಕಂಬಳಿ ಕೇಳು, ಕೊಡದಿದ್ದರೆ ಜಗಳ ಆಡು, ಬರುತ್ತದಲ್ಲ ನಿನಗೆ.

ಮೊಣಕೈವರೆಗೂ ಮಸಿಯಾದ
ನಿನ್ನವಳು

ಮರೆತೆ: ಶುಕ್ರವಾರ ಕಂಪನಿಯ ಕೋಟಿನವನು ಬಂದಿದ್ದ. ಕ್ಷಮಾಪಣೆಯ ಹಾಳೆ ತಂದಿದ್ದ. "ನೀವು ಹೇಳಿದ್ರೆ ಕೇಳ್ತಾರಮ್ಮಾ, ಒಂದು ಸಹಿ, ಮನೇಲಿರ್ತಾರೆ" ಎಂದ. ಸುಳ್ಳು ಹೇಳುವುದಿಲ್ಲ, ನಿನಗೆ ಕಳಿಸಲೆಂದು ಅದನ್ನು ಲಕೋಟೆಗೆ ಹಾಕಿಯೂ ಇದ್ದೆ. ಇವತ್ತು ಶಾಫ್ಟ್ ಒರೆಸಲು ಬಟ್ಟೆ ಸಿಗಲಿಲ್ಲ. ಒಳ್ಳೆಯ ಕಾಗದ, ಎಣ್ಣೆ ಚೆನ್ನಾಗಿ ಹೀರಿತು. ನೀನು ಕೇಳಿದರೆ ಇನ್ನೊಂದು ಕೊಡುತ್ತಾರೆ. ಕೇಳಬೇಡ.