ರೊಟ್ಟಿ ಬಡಿಯುವ ಸದ್ದು

ಅವ್ವ,

ರೊಟ್ಟಿ ಮಾಡಿ, ಕೈ ತೊಳೆದುಕೊಂಡು ನೇರ ನಿನಗೆ ಬರೆಯಲು ಕೂತಿದ್ದೇನೆ. ಉಗುರಿನ ಅಂಚಿನಲ್ಲಿ ಇನ್ನೂ ಜೋಳದ ಹಿಟ್ಟಿದೆ. ಒಂದೂ ದುಂಡಗೆ ಬಂದಿಲ್ಲ. ನೀನಿದ್ದಿದ್ದರೆ "ಇದೇನ ನಕಾಶೆ ತಗದೀಯೇನ?" ಎಂದು ಆಡಿಕೊಳ್ಳುತ್ತಿದ್ದೆ. ಆದರೆ ಇವತ್ತು ಬರೆಯುತ್ತಿರುವುದು ರೊಟ್ಟಿಯ ಆಕಾರದ ಬಗ್ಗೆ ಅಲ್ಲ. ನೀನು ಒಂದು ವಿಷಯ ತಪ್ಪು ತಿಳಿದುಕೊಂಡೇ ಹೋಗಿಬಿಟ್ಟೆ. ನಾವೆಲ್ಲರೂ ತಪ್ಪು ತಿಳಿದಿದ್ದೆವು.

ಗೌರಿಯ ಕಿವಿಗೆ ಮೊದಲ ಸಲ ಹೆಡ್‌ಫೋನ್ ಹಾಕಿದ ದಿನ ನೆನಪಿದೆಯಾ? ಆಟಿಸಂ ಇರುವ ಮಕ್ಕಳಿಗೆ ಸಂಗೀತ, ಸದ್ದು ಕೇಳಿಸುತ್ತಾ ಮಾಡುವ ಥೆರಪಿಯೊಂದು ಇದೆಯೆಂದು ಯಾರೋ ಹೇಳಿ, ಕುಂದಲಹಳ್ಳಿಯ ಮಹಡಿಯೊಂದರ ಮೇಲಿದ್ದ ಆ ಕೇಂದ್ರಕ್ಕೆ ಹೋಗಿದ್ದೆವು. ಐದು ವರ್ಷವಾದರೂ ಮಾತು ಬಾರದ ನಿನ್ನ ಮೊಮ್ಮಗಳು ಹೆಡ್‌ಫೋನನ್ನು ಕಿತ್ತೆಸೆದಳು. ನೀನು ಅದನ್ನೆತ್ತಿ ನಿನ್ನ ಕಿವಿಗೇ ಇಟ್ಟುಕೊಂಡೆ. "ಹಾಡು ನೀರಾಗ ಮುಳುಗಿ ಮುಳುಗಿ ಏಳಾಕತ್ತೈತಲ್ಲವಾ" ಅಂದೆ. ಥೆರಪಿಯ ಹುಡುಗಿ ನಕ್ಕಳು. "ಹಾಗೇ ಮಾಡಿರೋದು ಅಜ್ಜಿ, ಸದ್ದು ಸ್ವಲ್ಪ ಸ್ವಲ್ಪ ಅಭ್ಯಾಸ ಆಗ್ಲಿ ಅಂತ. ಎಲ್ಲಾ ಮಕ್ಕಳಿಗೂ ಅನುಕೂಲ ಆಗುತ್ತೆ ಅಂತ ಮಾತು ಕೊಡಲ್ಲ, ನೋಡೋಣ. ಮನೇಲಿ ಯಾವ ಸದ್ದು ಅವಳಿಗೆ ಆಗಲ್ಲ?" ನಾನು ಬಾಯಿ ತೆರೆಯುವ ಮೊದಲೇ ನೀನು "ನನ್ನ ರೊಟ್ಟಿ ಸದ್ದು" ಅಂದುಬಿಟ್ಟೆ.

ನಮಗೂ ಹಾಗೇ ಕಂಡಿತ್ತಲ್ಲ. ನೀನು ರೊಟ್ಟಿ ಬಡಿಯಲು ಶುರುಮಾಡಿದರೆ ಸಾಕು, ಗೌರಿ ಎರಡೂ ಕಿವಿ ಮುಚ್ಚಿಕೊಂಡು ಬಚ್ಚಲಿಗೆ ಓಡುತ್ತಿದ್ದಳು. ಥೆರಪಿಗೆ ಹೋಗಿಬಂದ ಮರುದಿನದಿಂದ, ಸದ್ದಾಗದಿರಲೆಂದು ನೀನು ಲಟ್ಟಣಿಗೆ ಹಿಡಿದೆ. ರಾಣೇಬೆನ್ನೂರಿನಲ್ಲಿ "ಲಟ್ಟಿಸಿದ್ದನ್ನ ರೊಟ್ಟಿ ಅನಬ್ಯಾಡ್ರಿ" ಎಂದು ಸೊಸೆಯರನ್ನು ಗೋಳುಹೊಯ್ದುಕೊಂಡವಳು ನೀನು! ಆದರೂ ಅವಳು ಓಡಿದಳು. ಆಗಲಾದರೂ ನಮಗೆ ಹೊಳೆಯಬೇಕಿತ್ತು. ನೀನು ರೊಟ್ಟಿಯನ್ನೇ ಬಿಟ್ಟು ಅನ್ನಕ್ಕೆ ಇಳಿದೆ. "ಸದ್ದಿಗಲ್ಲ ಯವ್ವಾ, ಕೂಸು ನನಗ ಅಂಜತೈತಿ" ಅಂದೆ. ಆಮೇಲೆ ಅವಳು ಹತ್ತಿರ ಬಂದಾಗಲೆಲ್ಲ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳತೊಡಗಿದೆ.

ಹಬ್ಬಕ್ಕೆಂದು ಊರಿಗೆ ಹೋದ ಮೇಲೆ ನೀನು ಮಾಡಿದ ಕೊನೆಯ ಫೋನು. "ನಾ ಇಲ್ಲಂದ್ರ ಅದಕ್ಕೂ ಆರಾಮ ಬಿಡು" ಅಂದಿದ್ದೆ. ಹಾಗನ್ನಬೇಡ, ಬೇಗ ಬಾ ಎಂದೆ. ನೀನು ಮಲಗಿದಲ್ಲೇ ಹೋದೆ ಎಂದು ಮರುದಿನ ಬೆಳಿಗ್ಗೆ ಅಣ್ಣ ಫೋನ್ ಮಾಡಿ ಹೇಳಿದ. ಇನ್ನೊಂದಿಷ್ಟು ದಿನ, ಅವ್ವ, ಇನ್ನೊಂದಿಷ್ಟು ದಿನ ಇದ್ದಿದ್ದರೆ...

ಮೊನ್ನೆ ಒಣಮೆಣಸಿನಕಾಯಿ ಹುರಿಯುವಾಗ ಘಾಟಿಗೆ ಒಲೆಯ ಮೇಲಿನ, ಹೊಗೆ ಎಳೆಯುವ ಚಿಮ್ನಿ ಯಂತ್ರ ಹಾಕಿದೆ. ಗೌರಿ ಕಿವಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ರೊಟ್ಟಿ ಇರಲಿಲ್ಲ. ನೀನೂ ಇರಲಿಲ್ಲ. ಚಿಮ್ನಿ ಆರಿಸಿದೆ, ಅವಳ ಕೈ ಕೆಳಗಿಳಿಯಿತು. ಹೆಂಚಿನ ಹೊಗೆಗೆ ನಿನಗೆ ಕೆಮ್ಮು ಬರುತ್ತದೆಂದು, ರೊಟ್ಟಿ ಮಾಡುವಾಗಷ್ಟೇ ಅದನ್ನು ಹಾಕುತ್ತಿದ್ದವಳು ನಾನೇ ಅಲ್ಲವಾ? ನೀನು ಲಟ್ಟಿಸುವಾಗಲೂ ಅದು ಗುಂಯ್‌ಗುಡುತ್ತಲೇ ಇತ್ತು. ಬೇಡದ ಸದ್ದನ್ನು ಉಳಿಸಿಕೊಂಡು ನಿನ್ನ ಕೈಯನ್ನು ಸುಮ್ಮನಾಗಿಸಿದೆವು.

ಥೆರಪಿಯ ಹುಡುಗಿಗೆ ಹೇಳಿದಾಗ ಅವಳೂ ಪೆಚ್ಚಾದಳು. "ಅವತ್ತೇ ನಾನು ಒಂದೊಂದೇ ಸದ್ದು ಬಿಡಿಸಿ ಕೇಳ್ಬೇಕಿತ್ತು ಅಕ್ಕ. ಈಗ ರೊಟ್ಟಿ ಸದ್ದು ಒಂದನ್ನೇ ಕೇಳಿಸಿ ನೋಡಿ" ಅಂದಳು.

ಅದಕ್ಕೇ ಇವತ್ತು ಚಿಮ್ನಿ ಮುಟ್ಟದೆ, ಕಿಟಕಿ ತೆಗೆದು, ನಿನ್ನ ಹಾಗೆ ಬಡಿಯಲು ನೋಡಿದೆ. ಹಾಲ್‌ನಲ್ಲಿ, ಈಗ ರೂಢಿಯಾಗಿರುವ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಗೌರಿ ಅದನ್ನು ತೆಗೆದಿಟ್ಟು ಬಂದಳು. ಕಿವಿ ಮುಚ್ಚಲಿಲ್ಲ. ನಾನು ಹೆದರಿ ನಿಲ್ಲಿಸಿದರೆ, ನನ್ನ ಮಣಿಕಟ್ಟು ಹಿಡಿದು ಹಿಟ್ಟಿನ ಮೇಲೆ ಇಟ್ಟಳು. ಮತ್ತೆ ಬಡಿದೆ. ತಲೆ ವಾರೆ ಮಾಡಿ ಕೇಳಿಸಿಕೊಂಡಳು. ಆಮೇಲೆ ನನ್ನ ಕೈ ಬಿಟ್ಟು, ನಿನ್ನ ಕೋಣೆಗೆ ಹೋಗಿ ಬಾಗಿಲು ತಳ್ಳಿ ಒಳಗೆ ನೋಡಿದಳು.

ನಿನಗೆ ಅಂಜುವ ಕೂಸು ಹಾಗೆ ಮಾಡುತ್ತದಾ ಅವ್ವ?

ರೊಟ್ಟಿ ತಣ್ಣಗಾಗಿದೆ. ಅವಳು ಇನ್ನೂ ಆ ಬಾಗಿಲಲ್ಲೇ ನಿಂತಿದ್ದಾಳೆ.